ಹಿಮದ ನಾಡಿನ ಪಕ್ಷಿಗಳೂ ಛಾಯಾಗ್ರಾಹಕನೂ

ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಒಂದು ಛಾಯಾಚಿತ್ರವನ್ನು ತೆಗೆಸಿಕೊಳ್ಳುವುದು ಎಷ್ಟು ಪ್ರಯಾಸದ ಕೆಲಸವೆಂಬುದು ಗೃಹಸ್ಥರಾದವರಿಗೆಲ್ಲ ತಿಳಿದೇ ಇದೆ. ಅಜ್ಜಿಯು ಕಣ್ಣು ಮುಚ್ಚುವಳು. ಕೂಸು ರಚ್ಚೆ ಹಿಡಿಯುವುದು. ಚಿತ್ರ ತೆಗೆಯುವವನು “ಅಲುಗಬೇಡಿ” ಎಂದ ಕ್ಷಣದಲ್ಲಿಯೇ ಯಾರಿಗಾದರೂ ಸೀನು ಬರುವುದು. ಹೇಳಿದ ಮಾತನ್ನು ಕೇಳಬಲ್ಲ ಮನುಷ್ಯರ ಪಾಡೇ ಹೀಗಿರುವಾಗ, ಮಾತನ್ನರಿಯದ ಪಕ್ಷಿಗಳನ್ನು, ಅದರಲ್ಲಿಯೂ ಭೂಮಂಡಲದ ದಕ್ಷಿಣದ ತುತ್ತತುದಿಯಲ್ಲಿ ಹಿಮವನ್ನೇ ನೆಲವನ್ನಾಗಿ ಮಾಡಿಕೊಂಡಿರುವ ಪೆಂಗ್ವಿನ್ ಪಕ್ಷಿಗಳನ್ನು ಚಿತ್ರದಲ್ಲಿ ಹಿಡಿಯಹೊರಟವನ ಕಷ್ಟವು ಎಂತಹುದಿರಬೇಕು? ಈಗ ನಮ್ಮ ಮಕ್ಕಳ ಪಾಠದ ಪುಸ್ತಕಗಳಲ್ಲಿ, ಗೋಡೆಯ ಪಂಚಾಂಗಗಳಲ್ಲಿ, ಬಿಸ್ಕತ್ತಿನ ಡಬ್ಬಿಗಳ ಮೇಲೆ ಸಹ ಈ ಪಕ್ಷಿಯ ಚಿತ್ರವು ಕಾಣಬರುವುದು. ಸುಲಭವಾಗಿ ದೊರೆತ ವಸ್ತುವಿನ ಹಿಂದಿನ ಶ್ರಮವನ್ನು ನಾವು ವಿಚಾರಿಸುವುದಿಲ್ಲ. ಆ ಶ್ರಮವನ್ನು ಮೊದಲು ಪಟ್ಟವರಲ್ಲಿ ಅಗ್ರಗಣ್ಯನಾದ ಒಬ್ಬ ಛಾಯಾಗ್ರಾಹಕನ ವೃತ್ತಾಂತವನ್ನೂ, ಅವನ ತರುವಾಯ ಆ ಪಕ್ಷಿಗಳಿಗೆ ಒದಗಿದ ಸಂಗತಿಗಳನ್ನೂ ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಬರೆದಿದೆ.

ಅವನ ಹೆಸರು ಹರ್ಬರ್ಟ್ ಜಾರ್ಜ್ ಪಾಂಟಿಂಗ್. ಇಂಗ್ಲೆಂಡಿನ ಸಾಲ್ಸ್‌ಬರಿ ಪಟ್ಟಣದಲ್ಲಿ 1870ರಲ್ಲಿ ಹುಟ್ಟಿದವನು. ಯೌವನದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಹಣ್ಣಿನ ತೋಟ ಮಾಡಿದನು, ಗಣಿಯಲ್ಲಿ ಹಣ ಹಾಕಿದನು, ಎರಡರಲ್ಲಿಯೂ ಕೈಸುಟ್ಟುಕೊಂಡನು. ಆ ಬಳಿಕ ಕೆಮರಾವೇ ಅವನಿಗೆ ಅನ್ನವನ್ನು ಕೊಟ್ಟಿತು. ಜಪಾನು, ಚೀನಾ, ಬರ್ಮಾ, ನಮ್ಮ ಭಾರತ ಮೊದಲಾದ ದೇಶಗಳನ್ನು ಸುತ್ತಿ ಚಿತ್ರಗಳನ್ನು ತೆಗೆದು ಪತ್ರಿಕೆಗಳಿಗೆ ಕಳುಹಿಸುತ್ತಿದ್ದನು. ಕ್ಯಾಪ್ಟನ್ ಸ್ಕಾಟನು ದಕ್ಷಿಣ ಧ್ರುವಕ್ಕೆ ತನ್ನ ಎರಡನೆಯ ಯಾತ್ರೆಯನ್ನು ಸಿದ್ಧಪಡಿಸುತ್ತಿದ್ದಾಗ ಈತನನ್ನು ಜೊತೆಗೆ ಸೇರಿಸಿಕೊಂಡನು. ವೃತ್ತಿಯಿಂದಲೇ ಛಾಯಾಗ್ರಾಹಕನಾದವನು ಆ ಹಿಮಖಂಡಕ್ಕೆ ಹೋದುದು ಅದೇ ಮೊದಲು. ಚಿತ್ರಗಳಿಂದ ಲೋಕಕ್ಕೆ ತಿಳಿವಳಿಕೆಯಾಗುವುದೆಂಬುದು ಒಂದು ಉದ್ದೇಶ. ಚಲಚ್ಚಿತ್ರವನ್ನು ಪ್ರದರ್ಶಿಸಿ ಬಂದ ಹಣದಿಂದ ಯಾತ್ರೆಯ ಸಾಲವನ್ನು ತೀರಿಸಬಹುದೆಂಬುದು ಇನ್ನೊಂದು. ಎರಡನೆಯದೂ ಮೊದಲನೆಯದರಷ್ಟೇ ಮುಖ್ಯವಾಗಿತ್ತೆಂದು ಹೇಳಿದರೆ ತಪ್ಪಾಗಲಾರದು.

ಟೆರ್ರಾ ನೋವಾ ಎಂಬ ಅವರ ಹಡಗು 1910ರ ನವೆಂಬರ್ ತಿಂಗಳ ಕೊನೆಯಲ್ಲಿ ನ್ಯೂಜಿಲೆಂಡಿನ ತೀರವನ್ನು ಬಿಟ್ಟಿತು. ದಾರಿಯಲ್ಲಿ ತೇಲುಹಿಮದ ನಡುವೆ ಸಿಕ್ಕಿಕೊಂಡು 20 ದಿನ ತೊಳಲಬೇಕಾಯಿತು. ಇತರರು ಬೇಸರಪಟ್ಟರೂ ಪಾಂಟಿಂಗನಿಗೆ ಅದು ಹಬ್ಬವಾಯಿತು. ಹಡಗಿನ ಪಕ್ಕದಿಂದ ಹಲಗೆಗಳನ್ನು ಹೊರಚಾಚಿ ಕಟ್ಟಿ, ಅದರ ಮೇಲೆ ಕೆಮರಾದೊಡನೆ ತೂಗಾಡುತ್ತ, ಹಡಗಿನ ಮೂತಿಯು ಹಿಮವನ್ನು ಸೀಳುವ ನೋಟವನ್ನು ಚಲಚ್ಚಿತ್ರದಲ್ಲಿ ತುಂಬಿಕೊಂಡನು. ಕೆಳಗೆ ತಣ್ಣಗೆ ಕೊರೆಯುವ ನೀರು. ಕೈತಪ್ಪಿದರೆ ಕೆಮರಾವೂ ಇಲ್ಲ, ಮನುಷ್ಯನೂ ಇಲ್ಲ. ಪೆಂಗ್ವಿನ್ ಪಕ್ಷಿಗಳ ಮೊದಲ ದರ್ಶನವಾದುದೂ ಅಲ್ಲಿಯೇ. ಅವು ಹಿಮದ ತುಂಡುಗಳ ಮೇಲೆ ಗುಂಪುಗೂಡಿ ಹಡಗನ್ನು ನೋಡಲು ಓಡಿಬರುತ್ತಿದ್ದುವು. ನಾವಿಕರು ಹಾಡಿದರೆ ನಿಂತು ಕೇಳುತ್ತಿದ್ದುವಂತೆ. ಮಿಯರ್ಸ್ ಎಂಬ ಸಂಗಡಿಗನೊಬ್ಬನು ತಮ್ಮ ರಾಜಗೀತೆಯನ್ನು ಹಾಡಿದೊಡನೆ ಮಾತ್ರ ಅವೆಲ್ಲ ದುಡುದುಡನೆ ನೀರಿಗೆ ಬೀಳುತ್ತಿದ್ದುವೆಂದೂ, ಅವನ ಶ್ರುತಿ ತಪ್ಪಿದ್ದುದೇ ಅದಕ್ಕೆ ಕಾರಣವಿರಬಹುದೆಂದೂ ಯಾತ್ರಿಕರಲ್ಲೊಬ್ಬನಾದ ಚೆರ್ರಿ ಗೆರಾರ್ಡನು ಬರೆದಿಟ್ಟಿದ್ದಾನೆ.

ಹೊಸ ವರ್ಷದ ಮೊದಲ ವಾರದಲ್ಲಿ ರಾಸ್ ದ್ವೀಪವನ್ನು ಮುಟ್ಟಿದರು. ಮುಟ್ಟಿದ ಮರುದಿನವೇ, ಎಂದರೆ 1911ರ ಜನವರಿ 5ರಂದು, ಪಾಂಟಿಂಗನು ಯಮನ ಬಾಯಿಯಿಂದ ಹಿಂದಿರುಗಿದನು. ಹಡಗಿನ ಬಳಿ ಹಿಮದ ಅಂಚಿನಲ್ಲಿ ಎರಡು ನಾಯಿಗಳನ್ನು ಕಟ್ಟಿದ್ದರು. ಅಲ್ಲಿಗೆ ಕೊಲೆಗಾರ ತಿಮಿಂಗಿಲಗಳೆಂದು ಹೆಸರಾದ ಓರ್ಕಾಗಳ ಹಿಂಡೊಂದು ಬಂದುದನ್ನು ಕಂಡು, ಒಳ್ಳೆಯ ಚಿತ್ರ ಸಿಕ್ಕಿತೆಂದು ಈತನು ಕೆಮರಾವನ್ನೆತ್ತಿಕೊಂಡು ಓಡಿದನು. ತಿಮಿಂಗಿಲಗಳು ಮುಳುಗಿ ಕಣ್ಮರೆಯಾದುವು. ಮರುಕ್ಷಣದಲ್ಲಿ ಅವನ ಕಾಲ ಕೆಳಗಿನ ಹಿಮವೇ ಮೇಲಕ್ಕೆ ಉಬ್ಬಿ, ಸಿಡಿಲೆರಗಿದಂತೆ ಸದ್ದಾಗಿ, ತುಂಡುತುಂಡಾಗಿ ಒಡೆಯಿತು. ನೀರಿನ ಕೆಳಗಿನಿಂದ ಅವು ಬೆನ್ನು ಕೊಟ್ಟು ಗುದ್ದುತ್ತಿದ್ದುವು! ಬಿರುಕುಗಳಿಂದ ಒಂದೊಂದಾಗಿ ಆಳೆತ್ತರದ ತಲೆಗಳು ಮೇಲೆದ್ದು ಸುತ್ತಲೂ ನೋಡಿದುವು. ಪಾಂಟಿಂಗನು ಒಂದು ತುಂಡಿನಿಂದ ಇನ್ನೊಂದಕ್ಕೆ ಹಾರುತ್ತ, ಕಟ್ಟಕಡೆಗೆ ಅಗಲವಾಗುತ್ತಿದ್ದ ಬಿರುಕನ್ನು ದಾಟಿ ಗಟ್ಟಿ ಹಿಮವನ್ನು ಸೇರಿಕೊಂಡನು. ನಾಯಿಗಳೂ ಬದುಕಿದುವು. ಕೆಮರಾವನ್ನು ಅವನು ಕೈಬಿಟ್ಟಿರಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇವಾನ್ಸ್ ಭೂಶಿರವೆಂಬಲ್ಲಿ ಮರದ ಮನೆಯೊಂದನ್ನು ಕಟ್ಟಿದರು. ಅದರಲ್ಲಿ ಪಾಂಟಿಂಗನ ಪಾಲಿಗೆ ಬಂದುದು ಸುಮಾರು 8 ಅಡಿ ಉದ್ದ, 6 ಅಡಿ ಅಗಲದ ಒಂದು ಕತ್ತಲೆಕೋಣೆ. ಚಿತ್ರಗಳನ್ನು ತೊಳೆಯುವುದೂ ಅಲ್ಲಿಯೇ, ಮಲಗುವುದೂ ಅಲ್ಲಿಯೇ. ಆ ಕಾಲದಲ್ಲಿ ಉತ್ತಮ ಚಿತ್ರಗಳನ್ನು ಗಾಜಿನ ಫಲಕಗಳ ಮೇಲೆ ತೆಗೆಯುತ್ತಿದ್ದರು. ಒಂದೊಂದು ಫಲಕವನ್ನೂ ರಸಾಯನದ್ರವದಲ್ಲಿ ಅದ್ದಿ, ಬಳಿಕ ಹಲವು ಸಲ ಶುದ್ಧವಾದ ನೀರಿನಿಂದ ತೊಳೆಯಬೇಕು. ಸುತ್ತಲೂ ನೂರಾರು ಮೈಲಿ ನೀರೇ ಹೆಪ್ಪುಗಟ್ಟಿ ಬಿದ್ದಿದ್ದರೂ, ತೊಳೆಯುವುದಕ್ಕೆ ಒಂದು ಚೊಂಬು ನೀರು ಬೇಕಾದರೆ ಹಿಮವನ್ನು ಕಡಿದು ತಂದು ಒಲೆಯ ಮೇಲೆ ಕರಗಿಸಬೇಕಾಗಿತ್ತು. ಬೇಸಗೆಯಲ್ಲಿ ಬಾವಿ ಬತ್ತಿದಾಗ ನಮ್ಮ ಗೃಹಿಣಿಯರು ನೀರನ್ನು ಅಳೆದು ಬಳಸುವಂತೆ ಅವನೂ ಬಳಸಿರಬೇಕು.

ಚಳಿಯು ಕೆಮರಾಕ್ಕೆ ಮಾಡುವ ಉಪದ್ರವಗಳು ಒಂದೆರಡಲ್ಲ. ಹೊರಗಿನ ಚಳಿಯಲ್ಲಿದ್ದ ಕೆಮರಾವನ್ನು ಬೆಚ್ಚಗಿನ ಮನೆಯೊಳಗೆ ತಂದರೆ, ಮಳೆಗಾಲದಲ್ಲಿ ತಣ್ಣೀರು ತುಂಬಿದ ತಂಬಿಗೆಯ ಮೈ ಬೆವರುವಂತೆ, ಅದರ ಒಳಗೂ ಹೊರಗೂ ನೀರಿನ ಹನಿಗಳು ಮೂಡುವುವು. ಮತ್ತೆ ಹೊರಗೆ ಒಯ್ದರೆ ಆ ಹನಿಗಳೆಲ್ಲ ಮಂಜುಗಡ್ಡೆಯಾಗಿ ಗಾಲಿಗಳನ್ನೂ ಮುಚ್ಚಳವನ್ನೂ ಬಿಗಿಯುವುವು. ಆದುದರಿಂದ ಪಾಂಟಿಂಗನು ತನ್ನ ಕೆಮರಾಗಳನ್ನು ಮನೆಯ ಹೊರಗೇ ಚಳಿಯಲ್ಲಿಯೇ ಇಡುವುದನ್ನು ಕಲಿತನು. ಯಂತ್ರದ ಎಣ್ಣೆಯು ಚಳಿಗೆ ಗಟ್ಟಿಯಾಗಿ ಅಂಟಾಗುವುದು. ಚಲಚ್ಚಿತ್ರದ ಪಟ್ಟಿಯು ಒಣಗಿದ ಬಾಳೆಯ ಎಲೆಯಂತೆ ಪೆಡಸಾಗಿ ಸ್ವಲ್ಪ ಎಳೆದರೆ ಮುರಿಯುವುದು. ಮಸೂರದ ಹತ್ತಿರ ಉಸಿರುಬಿಟ್ಟರೆ ಸಾಕು, ಆ ಉಸಿರು ಹಿಮದ ಪೊರೆಯಾಗಿ ಅದರ ಮೇಲೆ ಕೂಡುವುದು; ಆದ ಕಾರಣ ನೋಟವನ್ನು ಸರಿಪಡಿಸುವಾಗ ಉಸಿರನ್ನು ಬಿಗಿಹಿಡಿದಿರಬೇಕು. ಕೈಚೀಲವನ್ನು ಕಳಚದೆ ಫಲಕವನ್ನು ಬದಲಾಯಿಸಲಾಗದು. ಕಳಚಿದರೆ ಬೆರಳುಗಳು ಲೋಹಕ್ಕೆ ತಾಗಿ ಬೆಂಕಿ ಮುಟ್ಟಿದಂತೆ ಸುಡುವುವು. ಒಂದು ದಿನ ಪಾಂಟಿಂಗನು ನೋಟವನ್ನು ಸರಿಪಡಿಸುತ್ತ ಮೈಮರೆತು ತುಟಿಯನ್ನು ನಾಲಗೆಯಿಂದ ಒದ್ದೆ ಮಾಡಿಕೊಳ್ಳಹೋಗಲು, ನಾಲಗೆಯ ತುದಿಯು ಕೆಮರಾದ ಲೋಹಕ್ಕೆ ತಗುಲಿ ಅಲ್ಲಿಯೇ ಹೆಪ್ಪುಗಟ್ಟಿ ಅಂಟಿಕೊಂಡಿತು. ಜಗ್ಗಿ ಬಿಡಿಸಿಕೊಳ್ಳಬೇಕಾಯಿತು. ನಾಲಗೆಯ ಚರ್ಮವು ಕೆಮರಾದಲ್ಲಿಯೇ ಉಳಿದು, ಬಾಯಿತುಂಬ ರಕ್ತ ಸುರಿದು, ಕರವಸ್ತ್ರವನ್ನು ತುರುಕಿಕೊಂಡು ನಿಲ್ಲಿಸಬೇಕಾಯಿತೆಂದು ತಾನೇ ಹೇಳಿಕೊಂಡಿದ್ದಾನೆ.

ಇಷ್ಟು ಕಷ್ಟಪಡುವವನು ಇತರರನ್ನೂ ಸುಮ್ಮನೆ ಬಿಡುತ್ತಿರಲಿಲ್ಲ. ಒಂದು ಚಿತ್ರಕ್ಕಾಗಿ ಸಂಗಡಿಗರನ್ನು ಗಾಳಿಯಲ್ಲಿ ಬಹಳ ಹೊತ್ತು ನಿಲ್ಲಿಸಿ, ಕೈಯನ್ನು ಹಾಗಿಡಿ, ಮುಖವನ್ನು ಹೀಗೆ ತಿರುಗಿಸಿ ಎಂದು ಪೀಡಿಸುತ್ತಿದ್ದನು. ಅವರೆಲ್ಲ ಸೇರಿ ಅವನಿಗೆ ‘ಪಾಂಕೋ’ ಎಂದು ಅಡ್ಡಹೆಸರಿಟ್ಟರು. ಚಿತ್ರಕ್ಕಾಗಿ ಚಳಿಯಲ್ಲಿ ನಿಲ್ಲುವುದಕ್ಕೆ ‘ಪಾಂಟ್ ಮಾಡುವುದು’ ಎಂಬ ಹೊಸ ಕ್ರಿಯಾಪದವನ್ನೇ ಕಟ್ಟಿದರು. ಮನುಷ್ಯರನ್ನು ಹೀಗೆ ಪಾಂಟ್ ಮಾಡಿಸಬಹುದಾಗಿತ್ತು. ಪೆಂಗ್ವಿನ್ ಪಕ್ಷಿಗಳನ್ನು?

1911ರ ನವೆಂಬರ್ 1ರಂದು ಸ್ಕಾಟನು ಧ್ರುವದ ಕಡೆಗೆ ಹೊರಟನು. ಅವನ ಹೊರಡುವಿಕೆಯನ್ನು ಚಿತ್ರಿಸಿದ ಮೇಲೆ ಪಾಂಟಿಂಗನು ಇವಾನ್ಸ್ ಭೂಶಿರದಿಂದ ಏಳು ಮೈಲಿ ದೂರದ ರಾಯ್ಡ್ಸ್ ಭೂಶಿರಕ್ಕೆ ಹೋಗಿ, 1908ರಲ್ಲಿ ಶಾಕಲ್‌ಟನ್ನನು ಕಟ್ಟಿಸಿದ್ದ ಮನೆಯಲ್ಲಿ ತಂಗಿದನು. ಪ್ರಪಂಚದಲ್ಲಿ ಅತ್ಯಂತ ದಕ್ಷಿಣಕ್ಕಿರುವ ಅಡೆಲಿ ಪೆಂಗ್ವಿನ್ನುಗಳ ಕೇರಿಯು ಆ ಮನೆಯ ಎದುರಿಗೇ ಇದೆ. ನಮ್ಮಲ್ಲಿ ಕಾರ್ತಿಕ ಮಾರ್ಗಶಿರಗಳ ಚಳಿ ಇಳಿಯುವಾಗ ಅಲ್ಲಿ ನಡುಬೇಸಗೆ. ಆ ದಿನಗಳಲ್ಲಿ ಸೂರ್ಯನು ಮುಳುಗುವುದೇ ಇಲ್ಲ. ಡಿಸೆಂಬರ್ ತಿಂಗಳಲ್ಲಿ ನಡುಹಗಲಲ್ಲಿಯೂ ಅವನು ದಿಗಂತದಿಂದ 36 ಡಿಗ್ರಿಗಿಂತ ಮೇಲೇರುವುದಿಲ್ಲ. ನಡುರಾತ್ರಿಯಲ್ಲಿ ಸುಮಾರು 11 ಡಿಗ್ರಿಗೆ ಇಳಿದು ದಕ್ಷಿಣದಲ್ಲಿ ಸುತ್ತುತ್ತಿರುವನು. ಈ ರಾತ್ರಿಯ ಓರೆಬೆಳಕೇ ಚಿತ್ರಕ್ಕೆ ಶ್ರೇಷ್ಠವಾದುದು. ಹಿಮದ ಏರುತಗ್ಗುಗಳೂ ಪಕ್ಷಿಯ ಗರಿಯ ಎಳೆಗಳೂ ಆಗ ಬೇರೆಬೇರೆಯಾಗಿ ಕಾಣುವುವು.

ಕಪ್ಪು ಕೋಟು ತೊಟ್ಟ ವಕೀಲರಂತೆ ಎಂದು ಪೆಂಗ್ವಿನ್ನನ್ನು ವರ್ಣಿಸದ ಲೇಖಕನಿಲ್ಲ. ನೋಡುವವನಿಗೆ ವಿನೋದವಾದ ಆ ಉಡುಪು ಛಾಯಾಗ್ರಾಹಕನಿಗೆ ಮಾತ್ರ ಶತ್ರು. ಬೆನ್ನು ಕಾಡಿಗೆಯಂತೆ ಕಪ್ಪು. ಎದೆಯು ಸುಣ್ಣದಂತೆ ಬಿಳುಪು. ಹಿಂದೆ ಹಿಮದ ಕಣ್ಣುಕೋರೈಸುವ ಬಿಳುಪು. ಎದೆಯ ಬೆಳಕಿಗೆ ಸರಿಹೊಂದಿಸಿದರೆ ಬೆನ್ನು ಇದ್ದಲಿನ ತುಂಡಾಗುವುದು. ಬೆನ್ನಿಗೆ ಹೊಂದಿಸಿದರೆ ಎದೆಯು ಹಿಮದೊಡನೆ ಕಲೆತುಹೋಗಿ ಅರ್ಧ ಪಕ್ಷಿಯೇ ಮಾಯವಾಗುವುದು. ಇಂದಿನ ಕೆಮರಾಗಳು ಬೆಳಕನ್ನು ತಾವೇ ಅಳೆಯುವುವಾದರೂ ಈ ಮೋಸದಿಂದ ಪಾರಾಗಿಲ್ಲ. ಬಿಳಿಯ ಹಿಮವನ್ನು ಕಂಡು, ಬೆಳಕು ಅತಿಯಾಯಿತೆಂದು ತಿಳಿದು, ಅವು ಚಿತ್ರವನ್ನು ಮಂಕಾಗಿಸುವುವು. ತಿಳಿದವರು ಯಂತ್ರದ ಮಾತನ್ನು ಮೀರಿ ಬೆಳಕನ್ನು ಒಂದು ಎರಡು ಪಟ್ಟು ಹೆಚ್ಚಿಸುವರು. ಪಾಂಟಿಂಗನ ಕೆಮರಾವು ಬೆಳಕನ್ನು ತಾನೇ ಅಳೆಯುತ್ತಿರಲಿಲ್ಲ. ಕಣ್ಣಂದಾಜು, ಬಣ್ಣದ ಗಾಜುಗಳು, ಅಪಾರವಾದ ತಾಳ್ಮೆ ಇದ್ದುವು.

ಅವನು ಅಲ್ಲಿ ಕಂಡು ಚಿತ್ರಿಸಿದ ಸಂಸಾರದ ಸುದ್ದಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅಡೆಲಿ ಪೆಂಗ್ವಿನ್ನು ಸುಮಾರು ಎರಡೂಕಾಲು ಅಡಿ ಎತ್ತರದ್ದು. ಕಣ್ಣಿನ ಸುತ್ತ ಬಿಳಿಯ ಬಳೆಯಿರುವುದರಿಂದ ಸದಾ ಬೆರಗಾದಂತೆ ತೋರುವುದು. ಫ್ರೆಂಚ್ ನಾವಿಕನಾದ ಡ್ಯುಮಾನ್ ಡರ್ವಿಲನ ಹೆಂಡತಿ ಅಡೆಲಳ ಹೆಸರು ಇದಕ್ಕೆ ಬಂದಿದೆ. ಅಕ್ಟೋಬರ್ ತಿಂಗಳಲ್ಲಿ ಗಂಡುಗಳು ಹಿಮದ ಮೇಲೆ ನಡೆದು ಮುಂಚಿತವಾಗಿ ಬಂದು ತಮ್ಮ ಹಿಂದಿನ ವರುಷದ ಸ್ಥಳವನ್ನು ಹಿಡಿಯುವುವು. ಗೂಡೆಂದರೆ ಹುಲ್ಲಿಲ್ಲ, ಕಡ್ಡಿಯಿಲ್ಲ. ಬರಿಯ ಸಣ್ಣ ಕಲ್ಲುಗಳ ಗುಪ್ಪೆ. ಹಿಮ ಕರಗಿ ನೀರು ಹರಿದಾಗ ಮೊಟ್ಟೆ ನೆನೆಯದಿರಬೇಕಾದರೆ ಗುಪ್ಪೆಯು ಎತ್ತರವಾಗಿರಬೇಕು. ಆದ ಕಾರಣ ಆ ಊರಿನಲ್ಲಿ ಕಲ್ಲೇ ಐಶ್ವರ್ಯ. ಗಂಡು ಒಂದು ಕಲ್ಲನ್ನು ಕೊಕ್ಕಿನಲ್ಲಿ ತಂದು ಹೆಣ್ಣಿನ ಮುಂದಿಟ್ಟು ಬಾಗಿ ನಿಲ್ಲುವುದು. ಐಶ್ವರ್ಯವಿದ್ದಲ್ಲಿ ಕಳ್ಳತನವೂ ಉಂಟಷ್ಟೆ. ನೆರೆಯ ಗೂಡಿನವನು ಅತ್ತ ತಿರುಗಿದನೋ ಇಲ್ಲವೋ, ಇತ್ತಲಿನವನು ಒಂದು ಕಲ್ಲನ್ನು ಎತ್ತಿಕೊಂಡು ಏನೂ ಅರಿಯದವನಂತೆ ನಡೆದುಬಿಡುವನು. ಕಂಡುಬಿಟ್ಟರೆ ರೆಕ್ಕೆಯ ಏಟುಗಳೂ ಕಿರುಚಾಟವೂ ಕೇರಿಯನ್ನೇ ತುಂಬುವುವು. ಕದ್ದವನ ಕಲ್ಲನ್ನು ಅಷ್ಟರಲ್ಲಿ ಇನ್ನೊಬ್ಬನು ಕದ್ದಿರುವುದೂ ಉಂಟು!

ಎರಡು ಮೊಟ್ಟೆಗಳನ್ನಿಟ್ಟ ಬಳಿಕ ಹೆಣ್ಣು ಹಸಿದು ಕಡಲಿಗೆ ಹೋಗುವುದು; ಗಂಡು ಎರಡು ವಾರ ಉಪವಾಸವಿದ್ದು ಕಾವು ಕೊಡುವುದು. ಅನಂತರ ಸರದಿ ಬದಲಾಗುವುದು. ಸುಮಾರು ಐದು ವಾರದೊಳಗೆ ಮರಿಗಳು ಹೊರಬೀಳುವುವು. ತಾಯಿತಂದೆಗಳು ಕ್ರಿಲ್ ಎಂಬ ಸೀಗಡಿಯಂತಹ ಕಿರುಜೀವಿಗಳನ್ನು ಹೊಟ್ಟೆಯಲ್ಲಿ ತುಂಬಿ ತಂದು ಮರಿಯ ಬಾಯಿಗೆ ಸುರಿಯುವುವು. ಮೇಲೆ ಸ್ಕುವಾ ಎಂಬ ಹದ್ದಿನಂತಹ ಪಕ್ಷಿ, ಮೊಟ್ಟೆಗೂ ಮರಿಗೂ ಹೊಂಚುಹಾಕಿ ಸುತ್ತುತ್ತಿರುವುದು. ಕೆಳಗೆ ಹಿಮದಂಚಿನ ನೀರಿನಲ್ಲಿ ಚಿರತೆ ಸೀಲ್ ಬಾಯ್ದೆರೆದು ಕಾದಿರುವುದು. ಆದುದರಿಂದಲೇ ಪೆಂಗ್ವಿನ್ನುಗಳು ಅಂಚಿನಲ್ಲಿ ಗುಂಪುಕಟ್ಟಿ, ನೀನು ಮೊದಲು ಹಾರು, ನೀನು ಮೊದಲು ಹಾರು ಎಂಬಂತೆ ಒಂದನ್ನೊಂದು ನೂಕುತ್ತ ಬಹಳ ಹೊತ್ತು ನಿಲ್ಲುವುದು. ಒಂದು ಬಿದ್ದು ಏನೂ ಆಗಲಿಲ್ಲವೆಂದು ಕಂಡೊಡನೆ ಉಳಿದುವೆಲ್ಲ ಸುರಿದ ಅವರೆಕಾಯಿಯಂತೆ ದಡದಡನೆ ಬೀಳುವುದು. ಚಲಚ್ಚಿತ್ರದವನಿಗೆ ಇದಕ್ಕಿಂತ ಒಳ್ಳೆಯ ನಾಟಕ ಬೇಕೆ? ಇಂತಹ ದೃಶ್ಯಗಳಿಗಾಗಿ ಪಾಂಟಿಂಗನು ಯಂತ್ರದ ಹಿಡಿಯನ್ನು ಕೈಯಿಂದ ತಿರುಗಿಸುತ್ತ ಗಂಟೆಗಟ್ಟಲೆ ಕಾದನು.

ಕಡಲಿನಿಂದ ಬಂದ ಪಕ್ಷಿಗೆ ನೆಲದ ಮೇಲೆ ಶತ್ರುವನ್ನು ಕಂಡು ಗೊತ್ತಿಲ್ಲ. ಹಿಮಖಂಡದಲ್ಲಿ ನೆಲದ ಮೇಲೆ ಬೇಟೆಯಾಡುವ ನರಿಯಾಗಲಿ ಕರಡಿಯಾಗಲಿ ಇಲ್ಲವಷ್ಟೆ. ಆದ ಕಾರಣ ಮನುಷ್ಯನು ಬಂದರೆ ಓಡಿಹೋಗದೆ, ತಲೆಯನ್ನು ಓರೆಮಾಡಿ ನೋಡುತ್ತ ನಿಲ್ಲುವುವು. ಇದನ್ನು ಕಂಡು ಎಲ್ಲರೂ ಅವು ಹೆದರುವುದಿಲ್ಲವೆಂದು ತಿಳಿದರು. ಈ ತಿಳಿವಳಿಕೆಯು ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ಮುಂದೆ ವಿಚಾರಿಸೋಣ.

ಪಾಂಟಿಂಗನು 1912ರ ಮಾರ್ಚ್ ತಿಂಗಳಲ್ಲಿ ಹಡಗನ್ನೇರಿ ಹಿಂದಿರುಗಿದನು. ಧ್ರುವದಿಂದ ಮರಳುತ್ತಿದ್ದ ಸ್ಕಾಟನೂ ಅವನ ಸಂಗಡಿಗರೂ ಅದೇ ತಿಂಗಳಲ್ಲಿ ಹಿಮಗಾಳಿಗೆ ಸಿಕ್ಕಿ ಪ್ರಾಣಬಿಡುತ್ತಿದ್ದರೆಂಬುದು ಹಡಗಿನವರಿಗೆ ತಿಳಿಯದು. ಧ್ರುವದಲ್ಲಿ ಆ ಐವರು ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡಿದ್ದರು. ದಾರವನ್ನು ಎಳೆದು ಕೆಮರಾವನ್ನು ನಡೆಸುವ ಉಪಾಯವನ್ನು ಅವರಿಗೆ ಕಲಿಸಿದ್ದವನು ಪಾಂಟಿಂಗನೇ. ಹೆಣಗಳೊಡನೆ ಆ ಫಿಲ್ಮು ದೊರೆತು, ತೊಳೆದಾಗ ಮುಖಗಳು ಸ್ಪಷ್ಟವಾಗಿ ಮೂಡಿದುವು.

1914ರಲ್ಲಿ ಲಂಡನ್ನಿನಲ್ಲಿ ಪಾಂಟಿಂಗನು ತನ್ನ ಚಲಚ್ಚಿತ್ರವನ್ನು ತೋರಿಸುತ್ತ ಉಪನ್ಯಾಸ ಕೊಡತೊಡಗಿದನು. ಅರಮನೆಯಲ್ಲಿಯೂ ಪ್ರದರ್ಶನವಾಯಿತು. ಸಾವಿನ ಕಥೆಗೆ ಕಣ್ಣೀರಿಟ್ಟ ಜನರು ಪೆಂಗ್ವಿನ್ನುಗಳ ಕಲ್ಲುಕಳ್ಳತನವನ್ನು ಕಂಡು ನಕ್ಕರು. ಆದರೆ ಅದೇ ವರ್ಷ ಮಹಾಯುದ್ಧವು ಹೊತ್ತಿಕೊಂಡಿತು. ಜನರ ಮನಸ್ಸು ಬೇರೆ ಕಡೆಗೆ ಹರಿಯಿತು. ಚಿತ್ರದ ಹಕ್ಕನ್ನು ತಾನೇ ಕೊಂಡಿದ್ದ ಪಾಂಟಿಂಗನು ಅದನ್ನು 1924ರಲ್ಲೊಮ್ಮೆ ಮೂಕಚಿತ್ರವಾಗಿ, 1933ರಲ್ಲೊಮ್ಮೆ ಮಾತಿನ ಚಿತ್ರವಾಗಿ ಮತ್ತೆಮತ್ತೆ ಜೋಡಿಸಿದನು. ಹಣ ಬರಲಿಲ್ಲ. 1935ರಲ್ಲಿ ಲಂಡನ್ನಿನಲ್ಲಿ ಕೈಬರಿದಾಗಿ ತೀರಿಕೊಂಡನು. ಅವನ ಗಾಜಿನ ಫಲಕಗಳನ್ನು 2004ರಲ್ಲಿ ಕೇಂಬ್ರಿಜ್ಜಿನ ಸ್ಕಾಟ್ ಧ್ರುವಸಂಶೋಧನ ಸಂಸ್ಥೆಯು ಬಹಳ ದೊಡ್ಡ ಬೆಲೆಯನ್ನು ಕೊಟ್ಟು ಕೊಂಡುಕೊಂಡಿತು. ಬದುಕಿದ್ದಾಗ ಆ ಬೆಲೆಯ ನೂರರಲ್ಲೊಂದು ಪಾಲು ಸಿಕ್ಕಿದ್ದರೂ ಬಡವನು ಸುಖವಾಗಿರುತ್ತಿದ್ದನಲ್ಲವೆ ಎನ್ನಿಸುವುದು.

ಪಾಂಟಿಂಗನ ಕೆಮರಾಕ್ಕೆ ಒದಗದೆ ಹೋದ ಒಂದು ದೃಶ್ಯವೂ ಇದೆ. ಚಕ್ರವರ್ತಿ ಪೆಂಗ್ವಿನ್ ಎಂಬ ಹಿರಿಯ ಜಾತಿಯ ಪಕ್ಷಿಯು ಮೂರೂವರೆ ಅಡಿಗಿಂತ ಹೆಚ್ಚು ಎತ್ತರದ್ದು. ಇದು ಮೊಟ್ಟೆಯಿಡುವುದು ನಡುಚಳಿಗಾಲದ ನಿರಂತರವಾದ ಕತ್ತಲೆಯಲ್ಲಿ. ಗಂಡು ಆ ಒಂದೇ ಮೊಟ್ಟೆಯನ್ನು ಪಾದಗಳ ಮೇಲಿಟ್ಟು ಹೊಟ್ಟೆಯ ಮಡಿಕೆಯಿಂದ ಮುಚ್ಚಿ, ಸುಮಾರು 64 ದಿನ ಅನ್ನವಿಲ್ಲದೆ ನಿಂತು ಕಾಯುವುದು. ಕ್ರೋಜಿಯರ್ ಭೂಶಿರದ ಅವುಗಳ ನೆಲೆಯನ್ನು 1902ರಲ್ಲಿ ಸ್ಕಾಟನ ಮೊದಲ ಯಾತ್ರೆಯ ಎಂಜಿನಿಯರನಾದ ಸ್ಕೆಲ್ಟನ್ನನು ಕಂಡುಹಿಡಿದಿದ್ದನು. ಆದರೆ ಆಗ ವಸಂತಕಾಲ, ಮರಿಗಳಾಗಿದ್ದುವು. ಮೊಟ್ಟೆಗಳನ್ನು ತರಬೇಕೆಂದು 1911ರ ಜೂನ್ 27ರಂದು ವಿಲ್ಸನ್, ಬೋವರ್ಸ್, ಚೆರ್ರಿ ಗೆರಾರ್ಡ್ ಎಂಬ ಮೂವರು ಕತ್ತಲೆಯಲ್ಲಿ ಜಾರುಬಂಡಿಗಳನ್ನು ಎಳೆದುಕೊಂಡು ಹೊರಟರು. ಚಳಿಯು ಸೊನ್ನೆಗಿಂತ 60 ಡಿಗ್ರಿ ಸೆಂಟಿಗ್ರೇಡಿಗೂ ಕೆಳಗಿಳಿಯಿತು. ಐದು ಮೊಟ್ಟೆಗಳನ್ನು ಎತ್ತಿದರು, ಎರಡು ಒಡೆದುವು. ಡೇರೆಯು ಬಿರುಗಾಳಿಗೆ ಹಾರಿಹೋಯಿತು, ದೈವವಶದಿಂದ ಮರಳಿ ಸಿಕ್ಕಿತು. ಆ ಕತ್ತಲೆಯಲ್ಲಿ ಚಿತ್ರ ತೆಗೆಯುವ ಮಾತೆಲ್ಲಿ! ಆಗಸ್ಟ್ 1ರಂದು ಅವರು ಮನೆಗೆ ಮುಟ್ಟಿದಾಗ ಪಾಂಟಿಂಗನು ಮೇಜಿನ ಮುಂದೆ ಕುಳಿತು ಬಿಸಿಯಾದುದನ್ನು ಕುಡಿಯುತ್ತಿದ್ದ ಆ ಮೂವರ ಚಿತ್ರವನ್ನು ತೆಗೆದನು. ಕಪ್ಪಾಗಿ ಬಿರುಕುಬಿಟ್ಟ ಮುಖಗಳು; ಎಲ್ಲಿಯೋ ನೆಟ್ಟ ಕಣ್ಣುಗಳು. ಪೆಂಗ್ವಿನ್ ಒಂದೂ ಇಲ್ಲದ ಈ ಚಿತ್ರವು ಪೆಂಗ್ವಿನ್ನುಗಳ ವಿಷಯವಾಗಿ ಹೇಳುವಷ್ಟನ್ನು ಬೇರೊಂದು ಹೇಳಲಾರದು. ಚಕ್ರವರ್ತಿಗಳ ಚಳಿಗಾಲದ ಸಂಸಾರವು ಲೋಕದ ಮನೆಮನೆಯಲ್ಲಿ ಪ್ರಸಿದ್ಧವಾದುದು 2005ರಲ್ಲಿ, ಲ್ಯೂಕ್ ಜಾಕೆ ಎಂಬ ಫ್ರೆಂಚ್ ನಿರ್ದೇಶಕನ ಚಲಚ್ಚಿತ್ರದ ಮೂಲಕ. ಅದಕ್ಕಾಗಿ ಚಿತ್ರಗಾರರು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲಿಯೇ ನೆಲೆಸಬೇಕಾಯಿತು.

ಈಗ ಹಿಂದೆ ಬಿಟ್ಟ ಪ್ರಶ್ನೆಗೆ ಬರೋಣ. ಪಾಂಟಿಂಗನ ತರುವಾಯ ಬಹುಕಾಲ ರಾಯ್ಡ್ಸ್ ಭೂಶಿರದ ಪಕ್ಷಿಗಳು ನೆಮ್ಮದಿಯಾಗಿದ್ದುವು. 1956ರ ಸುಮಾರಿಗೆ ಅಮೆರಿಕದವರೂ, ಅವರ ಹಿಂದೆಯೇ ನ್ಯೂಜಿಲೆಂಡಿನವರೂ ಆ ದ್ವೀಪದಲ್ಲಿ ಸ್ಥಿರವಾದ ನೆಲೆಗಳನ್ನು ಮಾಡಿಕೊಂಡರು. ಬಿಡುವು ಸಿಕ್ಕಿದಾಗಲೆಲ್ಲ ಜನರು ಹೆಲಿಕಾಪ್ಟರುಗಳಲ್ಲಿ ಹಾರಿಬಂದು ಕೇರಿಯ ಪಕ್ಕದಲ್ಲಿಳಿದು, ಪಕ್ಷಿಗಳ ನಡುವೆ ಅಡ್ಡಾಡಿ, ಚಿತ್ರಗಳನ್ನು ತೆಗೆದುಕೊಂಡು ಹೋಗುತ್ತಿದ್ದರು. ಅವರಲ್ಲಿ ದುಷ್ಟರು ಯಾರೂ ಇರಲಿಲ್ಲ. ಪ್ರೀತಿಯಿಂದಲೇ ಬಂದವರು. ಆದರೂ ಕೆಲವೇ ವರ್ಷಗಳಲ್ಲಿ ಗೂಡುಗಳ ಸಂಖ್ಯೆಯು ಬಹಳವಾಗಿ ಕುಂದಿತು. 1963ರಲ್ಲಿ ಎರಡು ದೇಶಗಳವರೂ ಎಚ್ಚೆತ್ತು ಜನರ ಓಡಾಟಕ್ಕೂ ಹೆಲಿಕಾಪ್ಟರುಗಳಿಗೂ ಕಟ್ಟುಹಾಕಿದ ಮೇಲೆ ಪಕ್ಷಿಗಳು ಮೆಲ್ಲಮೆಲ್ಲನೆ ಚೇತರಿಸಿಕೊಂಡುವು. ಇಂದು ಆ ಸ್ಥಳವು ವಿಶೇಷ ರಕ್ಷಣೆಗೆ ಒಳಪಟ್ಟಿದ್ದು ಅಪ್ಪಣೆಯಿಲ್ಲದೆ ಯಾರೂ ಒಳಗೆ ಕಾಲಿಡುವಂತಿಲ್ಲ.

ವಿಜ್ಞಾನಿಗಳು ಮುಂದೆ ಇನ್ನೊಂದು ಸಂಗತಿಯನ್ನು ಕಂಡುಕೊಂಡರು. ಕಾವಿಗೆ ಕುಳಿತ ಅಡೆಲಿ ಪಕ್ಷಿಯ ಹೃದಯದ ಬಡಿತವನ್ನು ಯಂತ್ರದಿಂದ ಅಳೆದಾಗ, ಮನುಷ್ಯನು ಹತ್ತಿರ ಬಂದಂತೆಲ್ಲ ಬಡಿತವು ಏರುವುದು ತಿಳಿಯಿತು; ಪಕ್ಷಿಯು ಹೊರಗೆ ಮಾತ್ರ ಅಲುಗದೆ ಕುಳಿತಿರುವುದು. ಮೊಟ್ಟೆಯನ್ನು ಬಿಟ್ಟೆದ್ದರೆ ಸ್ಕುವಾ ಎತ್ತಿಕೊಂಡು ಹೋಗುವುದೆಂದು ಅದಕ್ಕೆ ಗೊತ್ತು. ಛಾಯಾಗ್ರಾಹಕನು ಧೈರ್ಯವೆಂದೂ ಸ್ನೇಹವೆಂದೂ ತಿಳಿದು ಹಿಗ್ಗಿದುದು ಒಬ್ಬ ತಾಯಿಯ ಅಥವಾ ತಂದೆಯ ಭಯವಾಗಿತ್ತೆಂದರೆ ಎಷ್ಟೋ ಸುಂದರವಾದ ಚಿತ್ರಗಳನ್ನು ನಾವು ಬೇರೆ ಕಣ್ಣಿನಿಂದ ನೋಡಬೇಕಾಗುವುದು. ಪಾಂಟಿಂಗನನ್ನು ಇದಕ್ಕಾಗಿ ದೂರಲು ಮನಸ್ಸು ಬಾರದು. ಅವನ ಕಾಲಕ್ಕೆ ಅದು ತಿಳಿದಿರಲಿಲ್ಲ. ತಿಳಿದ ಮೇಲೆ ಮಾಡುವವರ ಮಾತು ಬೇರೆ.

ಇಂದು ಹಡಗುಗಳಲ್ಲಿ ಹಿಮಖಂಡವನ್ನು ನೋಡಹೋಗುವ ಯಾತ್ರಿಕರು ಪೆಂಗ್ವಿನ್ನಿನಿಂದ ಐದು ಮೀಟರು, ಎಂದರೆ ಹದಿನಾರು ಅಡಿಗಳಿಗೂ ಮಿಕ್ಕ ದೂರದಲ್ಲಿರಬೇಕು. ಪಕ್ಷಿಯು ನಡೆದುಬಂದರೆ ಅದಕ್ಕೆ ದಾರಿ ಬಿಡಬೇಕು. ಒಂದು ಸ್ಥಳದಲ್ಲಿ ಒಂದು ಸಲಕ್ಕೆ ನೂರು ಜನಕ್ಕಿಂತ ಹೆಚ್ಚು ಇಳಿಯಕೂಡದು. ಇಳಿಯುವ ಮೊದಲೂ ಹಡಗಿಗೆ ಮರಳಿದ ಮೇಲೂ ಪಾದರಕ್ಷೆಗಳನ್ನು ಔಷಧದ ನೀರಿನಲ್ಲಿ ತೊಳೆಯಬೇಕು. ನಮ್ಮ ಅಡುಗೆಮನೆಯ ಮಡಿಗಿಂತ ಇದು ಕಡಿಮೆಯದಲ್ಲ! ಇತ್ತೀಚೆಗೆ ಮತ್ತೊಂದು ಕಟ್ಟು ಸೇರಿದೆ. ಎಚ್5ಎನ್1 ಎಂಬ ಹಕ್ಕಿಜ್ವರವು 2023ರಲ್ಲಿ ದಕ್ಷಿಣ ಜಾರ್ಜಿಯಾ ದ್ವೀಪಕ್ಕೂ 2024ರ ಫೆಬ್ರವರಿಯಲ್ಲಿ ಹಿಮಖಂಡದ ನೆಲಕ್ಕೂ ಮುಟ್ಟಿದುದು ಗೊತ್ತಾಯಿತು. ಈ ಜ್ವರದ ಭಯದಿಂದ ಪ್ರಾಣಿಪಕ್ಷಿಗಳಿರುವ ಸ್ಥಳದಲ್ಲಿ ಯಾತ್ರಿಕರು ಕುಳಿತುಕೊಳ್ಳುವುದು, ಮಂಡಿಯೂರುವುದು, ಮಲಗುವುದು, ಚೀಲವನ್ನು ನೆಲದ ಮೇಲಿಡುವುದು ಇವೆಲ್ಲ ನಿಷಿದ್ಧವಾದುವು. ಛಾಯಾಗ್ರಾಹಕರಿಗೆ ಇದು ಸಣ್ಣ ತ್ಯಾಗವಲ್ಲ. ಎರಡೂಕಾಲು ಅಡಿಯ ಪಕ್ಷಿಯ ಚಿತ್ರವು ಜೀವಕಳೆಯಿಂದ ಕೂಡಬೇಕಾದರೆ ಕೆಮರಾವು ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಅದಕ್ಕಾಗಿ ಹಿಮದ ಮೇಲೆ ಬೋರಲು ಮಲಗುವುದೇ ಅವರ ಹಳೆಯ ವಿದ್ಯೆಯಾಗಿತ್ತು. ಈಗ ನಿಂತಲ್ಲಿಯೇ ನಿಂತು, ಕೆಮರಾವನ್ನು ಮಾತ್ರ ತೋಳುದ್ದ ಕೆಳಗಿಳಿಸಿ, ಬಗ್ಗಿ ನೋಡಿ ತೆಗೆಯುವರು. ಇಲ್ಲವೆ ಪಕ್ಷಿಯು ದಿಬ್ಬದ ಮೇಲೆ ಬರುವವರೆಗೆ ಕಾಯುವರು.

ಮನುಷ್ಯನೇ ಹತ್ತಿರ ಹೋಗದಂತೆ ಚಿತ್ರ ತೆಗೆಯುವ ಉಪಾಯಗಳೂ ಬಂದಿವೆ. ಫ್ರೆಂಚ್ ವಿಜ್ಞಾನಿಗಳು ನಾಲ್ಕು ಗಾಲಿಯ ಸಣ್ಣ ಯಂತ್ರಕ್ಕೆ ಮೃದುವಾದ ಚಕ್ರವರ್ತಿ ಮರಿಯ ವೇಷವನ್ನು ಹೊದಿಸಿ ಹಿಂಡಿನೊಳಗೆ ಬಿಟ್ಟರು; ದೊಡ್ಡ ಪಕ್ಷಿಗಳು ಅದನ್ನು ಕೂಗಿ ಮಾತನಾಡಿಸಿದುವೆಂದು 2014ರಲ್ಲಿ ಪ್ರಕಟಿಸಿದರು. ಅದಕ್ಕಿಂತಲೂ ಸೋಜಿಗವಾದುದು ಆಕಾಶದ ಚಿತ್ರ. ಭೂಮಿಯನ್ನು ಸುತ್ತುವ ಉಪಗ್ರಹದ ಚಿತ್ರಗಳಲ್ಲಿ ಪೆಂಗ್ವಿನ್ ಕಾಣದಿದ್ದರೂ, ಸಾವಿರಾರು ಪಕ್ಷಿಗಳ ಮಲವು ಬಿಳಿಯ ಹಿಮದ ಮೇಲೆ ಮಾಡಿದ ಕಂದು ಕಲೆಯು ಕಾಣುವುದು. ಈ ಕಲೆಗಳನ್ನು ಹಿಡಿದು ಬ್ರಿಟಿಷ್ ವಿಜ್ಞಾನಿಗಳು ಯಾರೂ ಕಂಡರಿಯದ ಚಕ್ರವರ್ತಿ ನೆಲೆಗಳನ್ನು 2009ರಲ್ಲಿ ಹುಡುಕಿದರು. 2012ರಲ್ಲಿ ಆ ಜಾತಿಯ ಒಟ್ಟು ಪಕ್ಷಿಗಳು ಸುಮಾರು 5,95,000 ಎಂದು ಎಣಿಸಿದರು. ಅದೇ ಚಿತ್ರಗಳು ದುಃಖದ ಸುದ್ದಿಯನ್ನೂ ತಂದುವು. 2022ರಲ್ಲಿ ಬೆಲಿಂಗ್ಸ್‌ಹೌಸನ್ ಸಮುದ್ರದ ಹಿಮವು ಕಾಲಕ್ಕೆ ಮುಂಚೆ ಒಡೆದುಹೋಗಿ, ಅಲ್ಲಿಯ ಐದು ನೆಲೆಗಳಲ್ಲಿ ನಾಲ್ಕು ಬರಿದಾದುವು. ಈಜುವ ಗರಿಗಳು ಇನ್ನೂ ಬಾರದ ಮರಿಗಳು ಬದುಕಿರುವುದು ಸಾಧ್ಯವಿರಲಿಲ್ಲ.

ಮುಗಿಸುವ ಮುನ್ನ ಪಾಂಟಿಂಗನ ಶಿಷ್ಯನೊಬ್ಬನ ಮಾತನ್ನು ಹೇಳದಿದ್ದರೆ ಲೇಖನವು ಕುಂದುವುದು. ಜಾರ್ಜ್ ಮರೆ ಲೆವಿಕ್ ಅದೇ ಯಾತ್ರೆಯ ವೈದ್ಯ. ಪಾಂಟಿಂಗನಿಂದ ಕೆಮರಾದ ವಿದ್ಯೆಯನ್ನು ಕಲಿತು, ಆರು ಜನರ ಬೇರೊಂದು ತಂಡದೊಡನೆ ಅಡೇರ್ ಭೂಶಿರಕ್ಕೆ ಹೋದನು. ಅದು ಅಡೆಲಿಗಳ ಅತ್ಯಂತ ದೊಡ್ಡ ಕೇರಿಗಳಲ್ಲಿ ಒಂದು. ಅಲ್ಲಿ ಅವನು ಪಕ್ಷಿಗಳು ಬಂದ ದಿನದಿಂದ ಅವುಗಳ ಸಂಸಾರವನ್ನು ಕಣ್ಣಾರೆ ಕಂಡು ಬರೆದಿಟ್ಟನು. ಕಲ್ಲುಗಳಿಗೆ ಕೆಂಪು ಬಣ್ಣ ಬಳಿದು ಕೇರಿಯ ಬಳಿ ಇಟ್ಟು, ಅವು ಗೂಡಿನಿಂದ ಗೂಡಿಗೆ ಕಳುವಾಗಿ ಹರಡಿದುದನ್ನು ನೋಡಿ ವಿನೋದಪಟ್ಟನು. ಬೇಸಗೆ ಮುಗಿಯುವಾಗ ಅವರನ್ನು ಕರೆದೊಯ್ಯಬೇಕಾಗಿದ್ದ ಹಡಗು ಹಿಮದಿಂದಾಗಿ ಹತ್ತಿರ ಬರಲಾಗಲಿಲ್ಲ. ಆರು ಜನರೂ 1912ರ ಚಳಿಗಾಲವನ್ನು ಹಿಮದಲ್ಲಿ ಕೊರೆದ ಗುಹೆಯೊಂದರಲ್ಲಿ, ಸೀಲ್ ಪ್ರಾಣಿಯ ಕೊಬ್ಬಿನ ದೀಪದ ಹೊಗೆಯಲ್ಲಿ ಕಳೆದರು. ಊಟಕ್ಕೆ ಸೀಲ್ ಮಾಂಸ. ಅದರೊಡನೆ ಪೆಂಗ್ವಿನ್ ಮಾಂಸ. ತಾನು ಚಿತ್ರಿಸಿ ಅಕ್ಕರೆಯಿಂದ ಬರೆದಿಟ್ಟ ಪಕ್ಷಿಯನ್ನೇ ಕೊಂದು ತಿನ್ನಬೇಕಾಗಿ ಬಂದ ವೈದ್ಯನ ಮನಸ್ಸು ಹೇಗಿತ್ತೋ! ಆರು ಜನರೂ ಬದುಕಿ, ನಡೆದು, ಆ ವರ್ಷದ ನವೆಂಬರಿನಲ್ಲಿ ಇವಾನ್ಸ್ ಭೂಶಿರದ ಮನೆಯನ್ನು ಮುಟ್ಟಿದರು.

ಅಲ್ಲಿ ಲೆವಿಕ್ಕನು ಒಂದು ಪುಟ್ಟ ಪುಸ್ತಕವನ್ನು ಮರೆತನು. ನೂರು ವರ್ಷಗಳ ಬಳಿಕ, ಬೇಸಗೆಯಲ್ಲಿ ಮನೆಯ ಸುತ್ತಣ ಹಿಮವು ಕರಗಿ ನೀರು ಹರಿದಾಗ ಅದು ಹೊರಬಿತ್ತು. ಹಳೆಯ ಮನೆಗಳನ್ನು ಕಾಪಾಡುತ್ತಿರುವ ನ್ಯೂಜಿಲೆಂಡಿನ ಧರ್ಮಸಂಸ್ಥೆಯು 2014ರಲ್ಲಿ ಈ ಸುದ್ದಿಯನ್ನು ತಿಳಿಸಿತು. ಛಾಯಾಗ್ರಾಹಕರು ಲೆಕ್ಕ ಬರೆದಿಡುವ 1910ರ ದಿನಚರಿ ಅದು. ನೀರಿಗೆ ಸಿಕ್ಕಿ ಹೊಲಿಗೆ ಬಿಟ್ಟಿತ್ತು. ಪುಟಗಳನ್ನು ಒಂದೊಂದಾಗಿ ಬಿಡಿಸಿ, ಶುಚಿಮಾಡಿ, ಮತ್ತೆ ಹೊಲಿದು, ಇವಾನ್ಸ್ ಭೂಶಿರದ ಮನೆಗೇ ಮರಳಿ ಒಪ್ಪಿಸಿದರು. 1911ರಲ್ಲಿ ಅಡೇರ್ ಭೂಶಿರದಲ್ಲಿ ತೆಗೆದ ಚಿತ್ರಗಳ ದಿನಾಂಕ, ಯಾವ ವಸ್ತುವಿನ ಚಿತ್ರವೆಂಬುದು, ಎಷ್ಟು ಹೊತ್ತು ಬೆಳಕು ಬಿಟ್ಟುದೆಂಬುದು, ಎಲ್ಲವೂ ಅದರಲ್ಲಿ ಲೆವಿಕ್ಕನ ಕೈಯಿಂದ ಪೆನ್ಸಿಲಿನಲ್ಲಿ ಬರೆದಿದೆ. ಈಗಲೂ ಓದಲು ಬರುವುದು.